ಸಂಸದರೇ, ವರಮಾನ 35,000 ಪೌಂಡ್ ದಾಟಿದವರು ಕಾಣ್ತಾರೆ, ಚಳಿಯಲ್ಲಿ ಕೂತವರು ಕಾಣಲ್ವಾ?

ಮಾನ್ಯ ಸಂಸದರಿಗೆ,

ಉತ್ತರ ಇಂಗ್ಲೆಂಡಿನ ನಿಮ್ಮ ಕ್ಷೇತ್ರದಲ್ಲಿ ಮತ ಹಾಕುವ ಕನ್ನಡಿಗ ನಾನು. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇಲ್ಲಿರುವ ನಮ್ಮವರಿಗೂ ವಿಷಯ ಗೊತ್ತಾಗಲಿ ಅಂತ ಕನ್ನಡದಲ್ಲೂ ಹಾಕುತ್ತಿದ್ದೇನೆ.

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹಿರಿಯರಿಗೆ ಕೊಡುವ ವಿಂಟರ್ ಫ್ಯೂಯೆಲ್ ಪೇಮೆಂಟಿಗೆ 2024ರ ಜುಲೈನಲ್ಲಿ ಸರ್ಕಾರ ಕತ್ತರಿ ಹಾಕಿತು. ಸುಮಾರು 1 ಕೋಟಿ ಹಿರಿಯರಿಗೆ ಅದು ತಪ್ಪಿಹೋಯಿತು. ಗಲಾಟೆ ಜಾಸ್ತಿಯಾಗಿ 2025ರ ಜೂನ್‌ನಲ್ಲಿ ನಿರ್ಧಾರ ಬದಲಾಯಿತು. ಈಗ ವರ್ಷಕ್ಕೆ 35,000 ಪೌಂಡ್ ವರಮಾನ ಮೀರದ ಪಿಂಚಣಿದಾರರಿಗೆಲ್ಲ ಸಿಗುತ್ತದೆ. ಮೀರಿದವರಿಂದ ತೆರಿಗೆ ಇಲಾಖೆ ವಾಪಸ್ ಪಡೆಯುತ್ತದೆ. ಒಳ್ಳೆಯದೇ. ಆದರೆ ಮನೆಗೆ ಬರುವುದು 200 ಪೌಂಡ್, 80 ದಾಟಿದವರಿದ್ದರೆ 300. ನಡುನಡುವೆ ಕೊಟ್ಟ ತಾತ್ಕಾಲಿಕ ಹೆಚ್ಚಳ ಬಿಟ್ಟರೆ 2003ರಲ್ಲೂ ಇಷ್ಟೇ ಇತ್ತು!

ನಮ್ಮ ಪಕ್ಕದ ಮನೆ ಅಜ್ಜಿಯದು ಪ್ರಿಪೇ ಮೀಟರ್. ಅಂಗಡಿಗೆ ಹೋಗಿ ಕಾರ್ಡಿಗೆ ದುಡ್ಡು ಹಾಕಿಸಿಕೊಂಡು ಬಂದರೆ ಮಾತ್ರ ಗ್ಯಾಸ್. ಬೇಸಿಗೆಯಲ್ಲಿ ಹೀಟಿಂಗ್ ಹಾಕದಿದ್ದರೂ ಸ್ಟ್ಯಾಂಡಿಂಗ್ ಚಾರ್ಜ್, ಅಂದರೆ ಬಳಸದಿದ್ದರೂ ಕಟ್ಟಬೇಕಾದ ದಿನದ ಶುಲ್ಕ, ಬಾಕಿಗೆ ಸೇರುತ್ತಲೇ ಇರುತ್ತದೆ. ಚಳಿ ಶುರುವಾದಾಗ ಹಾಕಿದ ದುಡ್ಡಿನಲ್ಲಿ ಒಂದಷ್ಟು ಆ ಬಾಕಿಗೇ ಹೋಗುತ್ತದೆ. ಜನವರಿಯಲ್ಲಿ ಅವರು ಒಂದೇ ಕೋಣೆಯ ರೇಡಿಯೇಟರ್ ಹಾಕುತ್ತಾರೆ. ಮಲಗುವ ಕೋಣೆಯ ಕಿಟಕಿ ಸುತ್ತ ಕಪ್ಪು ಬೂಷ್ಟು. ಮಧ್ಯಾಹ್ನವೆಲ್ಲ ಲೈಬ್ರರಿಯಲ್ಲಿ ಇರುತ್ತಾರೆ. ಓದೋಕಲ್ಲ, ಅಲ್ಲಿ ಬೆಚ್ಚಗಿರುತ್ತದೆ ಅಂತ.

ಅವರಿಗೆ ಪೆನ್ಷನ್ ಕ್ರೆಡಿಟ್ ಸಿಗಬೇಕು. 2025-26ರಲ್ಲಿ ಒಂಟಿ ಹಿರಿಯರ ವಾರದ ವರಮಾನ 227.10 ಪೌಂಡ್‌ಗಿಂತ ಕಡಿಮೆಯಿದ್ದರೆ ಅಷ್ಟರವರೆಗೆ ತುಂಬಿಕೊಡುವ ನೆರವು ಅದು. ಅದೊಂದು ಸಿಕ್ಕರೆ ಕರೆಂಟ್ ಬಿಲ್ಲಿನಲ್ಲಿ 150 ಪೌಂಡಿನ ರಿಯಾಯಿತಿ (ವಾರ್ಮ್ ಹೋಮ್ ಡಿಸ್ಕೌಂಟ್) ಸಿಗುತ್ತದೆ. ಸತತ ಏಳು ದಿನ ಸರಾಸರಿ ತಾಪಮಾನ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ 25 ಪೌಂಡ್ ಬೇರೆ. ಆದರೆ ಅರ್ಜಿ ಹಾಕಬೇಕಲ್ಲ. ಅಜ್ಜಿ ಫಾರ್ಮ್ ತರಿಸಿಕೊಂಡಿದ್ದರು. ಉಳಿತಾಯ, ಬಾಡಿಗೆ, ತೀರಿಹೋದ ಗಂಡನ ಕಂಪನಿ ಪಿಂಚಣಿ ಅಂತ ಪುಟದ ಮೇಲೆ ಪುಟ. ಮಡಚಿ ಡ್ರಾಯರ್‌ನಲ್ಲಿಟ್ಟರು. ‘ಸರ್ಕಾರದ ಮುಂದೆ ಇಷ್ಟೆಲ್ಲ ಹೇಳ್ಕೊಂಡು ಕೂರಬೇಕಾ’ ಅನ್ನೋದು ಅವರ ಮಾತು. ನಮ್ಮೂರ ಹಿರಿಯರೂ ಹೀಗೇ ಬಿಡಿ. ಅರ್ಹತೆಯಿದ್ದೂ ಪೆನ್ಷನ್ ಕ್ರೆಡಿಟ್ ಪಡೆಯದ ಮನೆಗಳು 7 ಲಕ್ಷಕ್ಕೂ ಹೆಚ್ಚು ಅಂತ ಸರ್ಕಾರದ್ದೇ ಅಂದಾಜು.

35,000 ದಾಟಿದವರನ್ನು ತೆರಿಗೆ ಇಲಾಖೆ ತಾನೇ ಹುಡುಕುತ್ತದೆ. ಯಾರ ಪಿಂಚಣಿ ಎಷ್ಟು ಅಂತ ಅದಕ್ಕೆ ಗೊತ್ತಿರೋದರಿಂದ ತಾನೇ? ಕೊಟ್ಟದ್ದನ್ನು ವಾಪಸ್ ತಗೊಳ್ಳೋಕೆ ಆಗುವ ಲೆಕ್ಕ, ಕೊಡೋಕೆ ಯಾಕೆ ಆಗಲ್ಲ? ಉಳಿತಾಯ, ಬಾಡಿಗೆಯ ವಿವರ ಕೇಳಬೇಕಾಗಬಹುದು, ಒಪ್ಪುತ್ತೇನೆ. ಅಷ್ಟನ್ನೇ ಕೇಳಿ. ಇಲಾಖೆಗೆ ಮೊದಲೇ ಗೊತ್ತಿರುವುದನ್ನೆಲ್ಲ ಅವರೇ ತುಂಬಿ, ಸಹಿಗೆ ಮನೆಗೆ ಕಳಿಸಲಿ.

ಚಳಿಗಾಲಕ್ಕೆ ಮೊದಲೇ ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಕೇಳಿ. ಸಚಿವರು ಏನಂದರು ಅಂತ ಕ್ಷೇತ್ರದವರಿಗೆ ತಿಳಿಸಿ. ಅಲ್ಲಿಯವರೆಗೆ, ನಿಮ್ಮ ಶನಿವಾರದ ಜನಸಂಪರ್ಕ ಸಭೆಯಲ್ಲಿ ಈ ಫಾರ್ಮ್ ತುಂಬಿಕೊಡಲು ಒಬ್ಬರನ್ನು ಕೂರಿಸಿ. ಅಜ್ಜಿಯನ್ನು ನಾನೇ ಕರೆತರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ