ಯಾವ ಗೇರ್‌ನಲ್ಲಿದೆ ಅಂತ ಕೈಗೆ ಗೊತ್ತಾಗಬೇಕು: ಕಾರು ಕಂಪನಿಗೆ ಒಂದು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಪ್ರತಿ: ಒಳಭಾಗದ ವಿನ್ಯಾಸ ತಂಡಕ್ಕೆ

ವಿಷಯ: ಹೊಸ ಸ್ಪೋರ್ಟ್ಸ್ ಕಾರಿನ ಗೇರ್ ಸ್ವಿಚ್ಚಿನ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ಬೆಂಗಳೂರಿನ ನಿಮ್ಮ ಡೀಲರ್ ಹತ್ತಿರ ಕೊಂಡಿದ್ದೇನೆ. ಎಂಜಿನ್ ಚೆನ್ನಾಗಿದೆ. ಸ್ಟೀರಿಂಗ್ ಚೆನ್ನಾಗಿದೆ. ಬ್ರೇಕ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ನನ್ನ ದೂರು ಇರುವುದು ಎರಡು ಸೀಟುಗಳ ನಡುವೆ, ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕೂತಿರುವ ಆ ಪುಟ್ಟ ಗೇರ್ ಸ್ವಿಚ್ಚಿನ ಬಗ್ಗೆ. ಇದೇ ಕಾರಿನ ಹಿಂದಿನ ಮಾದರಿಯಲ್ಲಿ ಅಲ್ಲಿ ಕೈತುಂಬ ಹಿಡಿಯುವಂಥ ಲಿವರ್ ಇತ್ತು. ಅದನ್ನು ಕಿತ್ತು ಇದನ್ನು ಇಟ್ಟಿದ್ದೀರಿ. ಬೆಲೆ ಮಾತ್ರ ಜಾಸ್ತಿಯಾಗಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮ್ಯಾನುಯಲ್ ಗೇರ್ ಕೊಡಿ ಅಂತ ಜಗಳಕ್ಕೆ ಬಂದವನಲ್ಲ ನಾನು. ಕೇಳುವವರು ಕೇಳಲಿ, ಅವರ ಕಡೆಗೂ ನ್ಯಾಯವಿದೆ. ಆದರೆ ನಾನು ಆಟೋಮ್ಯಾಟಿಕ್ ಅಂತ ಗೊತ್ತಿದ್ದೇ ಕೊಂಡೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಹೊತ್ತು ಕ್ಲಚ್ ತುಳಿದು ಕೂತವರಿಗೆ ಆಟೋಮ್ಯಾಟಿಕ್‌ನ ಬೆಲೆ ಹೇಳಿಕೊಡಬೇಕಿಲ್ಲ. ನನ್ನ ತಕರಾರು ಇಷ್ಟೇ: ಕಾರು ಯಾವ ಗೇರ್‌ನಲ್ಲಿದೆ ಅಂತ ನನ್ನ ಕೈಗೆ ಗೊತ್ತಾಗುತ್ತಿಲ್ಲ.

ಹಳೆಯ ಲಿವರ್‌ನಲ್ಲಿ ಎಲ್ಲಕ್ಕಿಂತ ಮುಂದೆ ಪಾರ್ಕ್. ಅಲ್ಲಿಂದ ಹಿಂದಕ್ಕೆ ಎಳೆದರೆ ರಿವರ್ಸ್, ಆಮೇಲೆ ನ್ಯೂಟ್ರಲ್, ಆಮೇಲೆ ಡ್ರೈವ್. ಪ್ರತಿಯೊಂದಕ್ಕೂ ಅದರದೇ ಜಾಗ. ಲಿವರ್ ಎಲ್ಲಿ ನಿಂತಿದೆಯೋ ಗೇರ್ ಅದೇ. ನಿಮ್ಮ ಹೊಸ ಸ್ವಿಚ್ಚು ಹಾಗಲ್ಲ. ಮುಂದಕ್ಕೆ ತಳ್ಳಿದರೂ ನಡುವಿಗೆ ವಾಪಸ್ ಬರುತ್ತದೆ, ಹಿಂದಕ್ಕೆ ಎಳೆದರೂ ಅಷ್ಟೇ. ಡ್ರೈವ್‌ನಲ್ಲಿದ್ದರೂ, ರಿವರ್ಸ್‌ನಲ್ಲಿದ್ದರೂ, ನ್ಯೂಟ್ರಲ್‌ನಲ್ಲಿದ್ದರೂ ಅದು ನಿಲ್ಲುವ ಭಂಗಿ ಒಂದೇ. ಹಾಗಾಗಿ ಪ್ರತಿ ಸಲ ಕಣ್ಣು ಮೀಟರ್ ಪರದೆಗೆ ಹೋಗಲೇಬೇಕು. ನಮ್ಮನೆ ಮಿಕ್ಸಿ ಸ್ವಿಚ್ಚೇ ವಾಸಿ, ಎಷ್ಟನೇ ನಂಬರಿನಲ್ಲಿದೆ ಅಂತ ಮುಟ್ಟಿದರೆ ತಿಳಿಯುತ್ತದೆ.

ಇದರ ಹಿಂದಿನ ತಂತ್ರಜ್ಞಾನ ಗೊತ್ತಿಲ್ಲದೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಮೊದಲು ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಕೇಬಲ್ ಇರುತ್ತಿತ್ತು. ಈಗ ಸ್ವಿಚ್ಚು ಒಂದು ಸಂಕೇತ ಕಳಿಸುತ್ತದೆ, ಉಳಿದದ್ದನ್ನು ಕಂಪ್ಯೂಟರ್ ಮಾಡುತ್ತದೆ. 2001ರಲ್ಲೇ ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿನಲ್ಲಿ ಸ್ಟೀರಿಂಗ್ ಪಕ್ಕ ಇಂಥದ್ದೊಂದು ಕಡ್ಡಿ ಇಟ್ಟಿತ್ತು. ಇದರಿಂದ ಲಾಭವೂ ಇದೆ. ಸೀಟುಗಳ ನಡುವಿನ ಕನ್ಸೋಲ್‌ನಲ್ಲಿ ಜಾಗ ಉಳಿಯುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಾರು ತಾನಾಗೇ ಪಾರ್ಕ್‌ಗೆ ಹೋಗುವ ಹಾಗೆ ಮಾಡಬಹುದು. ಎಲ್ಲ ಸರಿ. ಆದರೆ ಕೇಬಲ್ಲೇ ಇಲ್ಲ ಅಂದಮೇಲೆ ಲಿವರ್‌ಗೆ ಯಾವ ಆಕಾರ ಬೇಕಾದರೂ ಕೊಡಬಹುದಿತ್ತಲ್ವಾ? ಹಾಕಿದ ಜಾಗದಲ್ಲೇ ನಿಲ್ಲುವ ಲಿವರ್ ಮಾಡುವುದಕ್ಕೂ ಯಾವ ಅಡ್ಡಿಯೂ ಇರಲಿಲ್ಲ. ನೀವು ಅದನ್ನು ಮಾಡಲಿಲ್ಲ, ಅಷ್ಟೇ.

ಊರೊಳಗೆ ಇದು ಬರೀ ಕಿರಿಕಿರಿ. ಘಾಟಿಯಲ್ಲಿ ಹಾಗಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಏನಾಯಿತು ಅಂತ ಹೇಳುತ್ತೇನೆ. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ರಸ್ತೆ ಕಿರಿದು. ಒಂದು ತಿರುವಿನಲ್ಲಿ ಕೆಳಗಿನಿಂದ ಮಿನಿ ಬಸ್ ಬಂತು. ಇಳಿಯುವವರು ಏರುವವರಿಗೆ ದಾರಿ ಬಿಡಬೇಕು, ಅದು ನಿಯಮ. ನಾನು ಸ್ವಲ್ಪ ಹಿಂದಕ್ಕೆ, ಅಂದರೆ ಏರಿನ ಕಡೆಗೆ ಹೋಗಬೇಕಿತ್ತು. ಬ್ರೇಕ್ ಹಿಡಿದು ಸ್ವಿಚ್ಚನ್ನು ಮುಂದಕ್ಕೆ ತಳ್ಳಿದೆ. ನಿಮ್ಮ ಸ್ವಿಚ್ಚಿನಲ್ಲಿ ಮುಂದಕ್ಕೆ ಎರಡು ಹಂತ. ಮೊದಲನೇ ಹಂತದಲ್ಲಿ ನ್ಯೂಟ್ರಲ್, ಇನ್ನೂ ಒತ್ತಿದರೆ ರಿವರ್ಸ್. ಎರಡರ ನಡುವಿನ ತಡೆ ಎಷ್ಟು ಸಣ್ಣದು ಅಂದರೆ ಬೆರಳಿಗೆ ತಿಳಿಯುವುದೇ ಇಲ್ಲ. ಬ್ರೇಕ್ ಬಿಟ್ಟೆ. ಕಾರು ನ್ಯೂಟ್ರಲ್‌ನಲ್ಲಿತ್ತು. ಹಿಂದಕ್ಕೆ ಹೋಗಬೇಕಾದದ್ದು ಮುಂದಕ್ಕೆ, ಬಸ್ಸಿನ ಕಡೆಗೇ ಉರುಳಿತು. ತಕ್ಷಣ ಬ್ರೇಕ್ ಒತ್ತಿದ್ದರಿಂದ ಏನೂ ಆಗಲಿಲ್ಲ. ಬಸ್ ಡ್ರೈವರ್ ಹೊರಗೆ ತಲೆ ಹಾಕಿ ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಪರದೆಯಲ್ಲಿ N ಅಂತ ತೋರಿಸಿತ್ತು, ನಿಜ. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣು ಹಿಂದಿನ ಕ್ಯಾಮೆರಾ, ಎರಡು ಕನ್ನಡಿ ಮತ್ತು ಬಸ್ಸಿನ ಮೂತಿಯ ಮೇಲಿತ್ತು. ಎಲ್ಲಿರಬೇಕೋ ಅಲ್ಲೇ ಇತ್ತು.

ಇನ್ನು ಇಳಿಜಾರಿನಲ್ಲಿ ಗೇರ್ ಇಳಿಸುವ ವಿಚಾರ. ಘಾಟಿ ಇಳಿಯುವಾಗ ಬರೀ ಬ್ರೇಕ್ ನಂಬಿಕೊಂಡರೆ ಅದು ವಿಪರೀತ ಬಿಸಿಯಾಗುತ್ತದೆ. ಅದಕ್ಕೇ ಚಿಕ್ಕ ಗೇರ್ ಹಾಕಿ ಎಂಜಿನ್ನಿನ ತಡೆಯಲ್ಲಿ ಇಳಿಯುವುದು. ಲಾರಿ ಡ್ರೈವರ್‌ಗಳಿಂದ ಹಿಡಿದು ಎಲ್ಲರೂ ಮಾಡುವುದು ಇದನ್ನೇ. ಹಳೆಯ ಲಿವರ್‌ ಪಕ್ಕದಲ್ಲಿ ಗೇರ್ ಏರಿಸುವ ಪ್ಲಸ್, ಇಳಿಸುವ ಮೈನಸ್ ಇದ್ದ ಇನ್ನೊಂದು ಸಾಲು ಇತ್ತು. ಲಿವರನ್ನು ಆ ಸಾಲಿಗೆ ಸರಿಸಿದರೆ ಗೇರ್ ನನ್ನ ಹಿಡಿತದಲ್ಲಿ, ವಾಪಸ್ ಸರಿಸುವವರೆಗೂ. ಹೊಸದರಲ್ಲಿ ಆ ಸಾಲೇ ಇಲ್ಲ. "ಪ್ಯಾಡಲ್ ಇದೆಯಲ್ಲ ಸಾರ್" ಅಂದರು ಶೋರೂಂನವರು.

ಪ್ಯಾಡಲ್ ಇದೆ, ಹೌದು, ಸ್ಟೀರಿಂಗ್ ಹಿಂದೆ ಬೆರಳಲ್ಲಿ ಎಳೆದು ಗೇರ್ ಬದಲಿಸುವ ಪುಟ್ಟ ಪಟ್ಟಿ. ಆದರೆ ಅದು ಸ್ಟೀರಿಂಗ್ ಚಕ್ರಕ್ಕೇ ಅಂಟಿಕೊಂಡಿದೆ, ಚಕ್ರದ ಜೊತೆ ತಾನೂ ತಿರುಗುತ್ತದೆ. ಹೇರ್‌ಪಿನ್‌ನಲ್ಲಿ ಚಕ್ರ ಅರ್ಧ ಸುತ್ತು ತಿರುಗಿದರೆ ಎಡಗಡೆ ಇದ್ದ ಮೈನಸ್ ಪ್ಯಾಡಲ್ ಬಲಗಡೆಗೆ ಹೋಗಿರುತ್ತದೆ. ಕೈ ಬದಲಿಸಿ ಹಿಡಿದಿದ್ದರೆ ಎಡಗೈಗೆ ಸಿಗುವುದು ಪ್ಲಸ್. ಗೇರ್ ಇಳಿಸಲು ಹೋಗಿ ಏರಿಸಿದಂತಾಗುತ್ತದೆ, ಅದೂ ಇಳಿಜಾರಿನ ತಿರುವಿನ ನಟ್ಟನಡುವೆ. ಫೆರಾರಿ, ಲ್ಯಾಂಬೋರ್ಗಿನಿ ಕಾರುಗಳಲ್ಲಿ ಪ್ಯಾಡಲ್‌ಗಳನ್ನು ಚಕ್ರದ ಹಿಂದಿನ, ತಿರುಗದ ಸ್ಟೀರಿಂಗ್ ಕಾಲಂಗೆ ಕೂರಿಸಿರುತ್ತಾರೆ. ಚಕ್ರ ಎಷ್ಟೇ ತಿರುಗಿದರೂ ಅವು ಇದ್ದಲ್ಲೇ ಇರುತ್ತವೆ. ಅದಕ್ಕೂ ತಕರಾರು ಹೇಳುವವರಿದ್ದಾರೆ. ಆದರೆ ಎಡ ಯಾವುದು ಬಲ ಯಾವುದು ಅನ್ನುವ ಗೊಂದಲವಾದರೂ ಇರುವುದಿಲ್ಲ.

ಸರಿ, ಪ್ಯಾಡಲ್ ಎಳೆದು ಎರಡನೇ ಗೇರ್‌ಗೆ ಇಳಿಸಿದೆ ಅಂತಲೇ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತು ಪ್ಯಾಡಲ್ ಮುಟ್ಟದಿದ್ದರೆ ಕಾರು ತಾನಾಗೇ ಡ್ರೈವ್‌ಗೆ ಮರಳಿ ಮೂರು, ನಾಲ್ಕು ಅಂತ ಏರಿಸಿಕೊಂಡು ಹೋಗುತ್ತದೆ. ಎಂಜಿನ್ನಿನ ತಡೆ ಹೋಯಿತು. ಹಾಗಾಗದಂತೆ ಪೂರ್ತಿ ಮ್ಯಾನುಯಲ್ ಮೋಡ್‌ಗೆ ಹಾಕಬೇಕಾದರೆ ಪರದೆಯ ಮೆನುವಿನೊಳಗೆ ಇಳಿದು ಹುಡುಕಬೇಕು. ಘಾಟಿಯಲ್ಲಿ ಮೆನು ಹುಡುಕುವವರು ಯಾರಾದರೂ ಇದ್ದಾರಾ? ಹಳೆಯದರಲ್ಲಿ ಮಣಿಕಟ್ಟು ಒಂದಿಷ್ಟು ಆಡಿಸಿದರೆ ಮುಗಿಯುತ್ತಿತ್ತು.

ಆ ಸಾಲನ್ನು ವಾಪಸ್ ತಂದರೆ ದಿಕ್ಕನ್ನೂ ಸರಿಮಾಡಿ. ನಿಮ್ಮ ಹಳೆಯ ಲಿವರ್‌ನಲ್ಲಿ ಮುಂದಕ್ಕೆ ತಳ್ಳಿದರೆ ಗೇರ್ ಏರುತ್ತಿತ್ತು, ಎಳೆದರೆ ಇಳಿಯುತ್ತಿತ್ತು. ಇದು ಉಲ್ಟಾ ಇರಬೇಕು. ಬ್ರೇಕ್ ಒತ್ತಿದಾಗ ಮೈ ಮುಂದಕ್ಕೆ ವಾಲುತ್ತದೆ, ಗೇರ್ ಇಳಿಸುವುದೂ ಆಗಲೇ. ಆಗ ಕೈ ಸಹಜವಾಗಿ ತಳ್ಳುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಮೈ ಸೀಟಿಗೆ ಒರಗುತ್ತದೆ, ಆಗ ಎಳೆಯುವುದು ಸುಲಭ. ಲಿವರ್ ಇರುವ ಬಿಎಂಡಬ್ಲ್ಯು, ಮಾಜ್ದಾ ಕಾರುಗಳಲ್ಲಿ ಹೀಗೇ ಇದೆ. ಪೋರ್ಷೆ ಕೂಡ ತನ್ನ 911 ಸ್ಪೋರ್ಟ್ಸ್ ಕಾರಿನ 2013ರ ಜಿಟಿ3 ಮಾದರಿಯಲ್ಲಿ ಹಳೆಯ ದಿಕ್ಕನ್ನು ತಿರುಗಿಸಿತು. ರೇಸ್ ಕಾರುಗಳ ಪದ್ಧತಿಯೂ ಇದೇ.

ಇನ್ನೊಂದು ಮಾತು, ಬಲಗಡೆ ಸ್ಟೀರಿಂಗ್ ಇರುವ ದೇಶಗಳ ಬಗ್ಗೆ. ನಿಮ್ಮ ಕನ್ಸೋಲನ್ನು ಎಡಗಡೆ ಕೂರುವ ಡ್ರೈವರ್‌ಗಾಗಿ ಮಾಡಿದ್ದೀರಿ. ಇಲ್ಲಿಗೆ ಬರುವಾಗ ಸ್ಟೀರಿಂಗ್ ಬಲಕ್ಕೆ ಬಂತು, ಗೇರ್ ಸ್ವಿಚ್ಚು ಮಾತ್ರ ಇದ್ದಲ್ಲೇ ಉಳಿಯಿತು. ಈಗ ಕಪ್ ಇಡುವ ಗುಳಿ ನನ್ನ ಕಡೆ, ಗೇರ್ ಪಕ್ಕದ ಸೀಟಿನವರ ಕಡೆ. ಭಾರತ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಇಷ್ಟೂ ದೇಶಗಳ ಗ್ರಾಹಕರು ಕೈ ಚಾಚಿಯೇ ಗೇರ್ ಹಾಕಬೇಕು. ಆ ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅದು ಕಣ್ಣಿಗೆ ಹೊಡೆಯುತ್ತದೆ, ಬೆರಳ ಗುರುತು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಇದನ್ನೆಲ್ಲ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಹೇಳಿದೆ. ಕಂಪ್ಯೂಟರ್ ಹಚ್ಚಿ ನೋಡಿದರು. ಜಾಬ್ ಕಾರ್ಡ್‌ನಲ್ಲಿ "ನೋ ಫಾಲ್ಟ್ ಫೌಂಡ್" ಅಂತ ಬರೆದು ಕೈಗೆ ಕೊಟ್ಟರು. ಸರ್ವಿಸ್ ಅಡ್ವೈಸರ್ ಒಳ್ಳೆಯ ಹುಡುಗ, ಅವನನ್ನು ದೂರುವುದಿಲ್ಲ. "ಎಲ್ಲಾ ಗಾಡಿಗಳಲ್ಲೂ ಹೀಗೇ ಬರ್ತಿದೆ ಸಾರ್, ಅಭ್ಯಾಸ ಆಗುತ್ತೆ" ಅಂದ. ನಿಮ್ಮ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿದರೆ ನನ್ನ ಅನಿಸಿಕೆ ಅಮೂಲ್ಯ ಎಂಬ ಉತ್ತರ ಬಂತು. ಆಮೇಲೆ ಸದ್ದಿಲ್ಲ.

ಅಭ್ಯಾಸ ಆಗುತ್ತದೆ ಅನ್ನುವ ಮಾತಿಗೆ ಬರೋಣ. ಅಮೆರಿಕದಲ್ಲಿ ಇದೇ ತರಹದ, ನಡುವಿಗೆ ವಾಪಸ್ ಬರುವ ಗೇರ್ ಲಿವರನ್ನು ಫಿಯೆಟ್ ಕ್ರೈಸ್ಲರ್ ಕಂಪನಿ ಕೆಲವು ಜೀಪ್, ಡಾಡ್ಜ್, ಕ್ರೈಸ್ಲರ್ ಕಾರುಗಳಿಗೆ ಹಾಕಿತ್ತು. ಪಾರ್ಕ್‌ಗೆ ಹಾಕಿದ್ದೇವೆ ಅಂದುಕೊಂಡು ಜನ ಇಳಿಯುತ್ತಿದ್ದರು, ಕಾರು ಉರುಳುತ್ತಿತ್ತು. 2016ರಲ್ಲಿ ಆ ಕಂಪನಿ ಜಗತ್ತಿನಾದ್ಯಂತ ಸುಮಾರು 11 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಸಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲೀಸ್‌ನ ತಮ್ಮ ಮನೆಯಂಗಳದ ಇಳಿಜಾರಿನಲ್ಲಿ, ಉರುಳಿ ಬಂದ ತಮ್ಮದೇ ಜೀಪಿಗೆ ಸಿಕ್ಕಿ ತೀರಿಕೊಂಡರು. ವಾಪಸ್ ಕರೆದ ಮಾದರಿಗಳ ಪಟ್ಟಿಯಲ್ಲಿ ಆ ಜೀಪೂ ಇತ್ತು. ನಿಮ್ಮ ಕಾರಿನಲ್ಲಿ ಪಾರ್ಕ್‌ಗೆ ಬೇರೆ ಬಟನ್ ಇದೆ, ಬಾಗಿಲು ತೆರೆದರೆ ತಾನಾಗೇ ಪಾರ್ಕ್ ಆಗುತ್ತದೆ. ಆ ಪಾಠ ಕಲಿತಿದ್ದೀರಿ, ಒಪ್ಪಿದೆ. ಆದರೆ ಬಾಗಿಲು ಮುಚ್ಚಿ ಓಡಿಸುವಾಗಿನ ತೊಂದರೆಗೆ ಆ ಉಪಾಯ ಕೆಲಸ ಮಾಡುವುದಿಲ್ಲ.

ಗ್ರಾಹಕರ ಮಾತು ಕೇಳಿ ಬದಲಾದ ಕಂಪನಿಗಳೂ ಇವೆ. ಪೋರ್ಷೆಯ 2013ರ ಜಿಟಿ3 ಬರೀ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನೊಂದಿಗೆ ಬಂದಿತ್ತು. ಅಭಿಮಾನಿಗಳು ಸುಮ್ಮನಿರಲಿಲ್ಲ. 2016ರಲ್ಲಿ 911 ಆರ್ ಎಂಬ ಮ್ಯಾನುಯಲ್ ಕಾರು ಬಂತು, ಮರುವರ್ಷದ ಜಿಟಿ3ಯಲ್ಲಿ ಮ್ಯಾನುಯಲ್ ಮತ್ತೆ ಸಿಕ್ಕಿತು. 2019ರಲ್ಲಿ ಬರೀ ಆಟೋಮ್ಯಾಟಿಕ್ ಆಗಿ ಬಂದ ಟೊಯೋಟಾ ಸುಪ್ರಾಗೂ 2022ರಲ್ಲಿ ಮ್ಯಾನುಯಲ್ ಸೇರಿಸಿದರು. ನನ್ನ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೇಕಾ? ಈಗಿನ ತಲೆಮಾರಿನ ಮಾಮೂಲಿ 911 ಆಟೋಮ್ಯಾಟಿಕ್‌ನಲ್ಲಿ ನಿಮ್ಮದರಂಥದ್ದೇ ಪುಟ್ಟ ಸ್ವಿಚ್ಚು ಇದೆ. ಅದೇ ತಲೆಮಾರಿನ ಜಿಟಿ3ಯ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಸರಿಯಾದ ಲಿವರ್ ಇಟ್ಟಿದ್ದಾರೆ, ಪ್ಲಸ್ ಮೈನಸ್ ಸಮೇತ. ಮನಸ್ಸಿಟ್ಟು ಓಡಿಸುವವರ ಕೈಗೆ ಏನು ಬೇಕು ಅಂತ ಅವರಿಗೆ ಗೊತ್ತು ಅಂತಾಯಿತು. ನಿಮಗೂ ಗೊತ್ತಿರಲೇಬೇಕು.

ಲಿವರ್ರೇ ಬೇಡ ಅನ್ನುವುದಾದರೂ ಕೈಗೆ ತಿಳಿಯುವ ಹಾಗೆ ಮಾಡಬಹುದು. 2020ರ ಷೆವ್ರೊಲೆ ಕಾರ್ವೆಟ್‌ನಲ್ಲಿ ಬಟನ್‌ಗಳಿವೆ. ಆದರೆ ಡ್ರೈವ್ ಮತ್ತು ರಿವರ್ಸ್‌ಗೆ ಎಳೆಯಬೇಕು, ಪಾರ್ಕ್ ಮತ್ತು ನ್ಯೂಟ್ರಲ್‌ಗೆ ಒತ್ತಬೇಕು. ಕಾರು ಚಲಿಸುವುದಕ್ಕೆ ಒಂದು ಕ್ರಿಯೆ, ಚಲಿಸದಿರುವುದಕ್ಕೆ ಇನ್ನೊಂದು. ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ನೋಡಲು ನನಗೇನೂ ಇಷ್ಟವಿಲ್ಲ, ಆದರೆ ಯೋಚಿಸಿ ಮಾಡಿದ್ದಾರೆ. ಎಲ್ಲವನ್ನೂ ಪರದೆಗೆ ತುಂಬುವ ಹುಚ್ಚಿಗೆ ಈಗ ತಡೆಯೂ ಬರುತ್ತಿದೆ. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್‌ನಲ್ಲಿ ಪೂರ್ತಿ ಅಂಕ ಬೇಕಾದರೆ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್‌ಗಳಿಗೆ ಕೈಯಲ್ಲಿ ಮುಟ್ಟುವಂಥ ಸ್ವಿಚ್ಚು ಇರಬೇಕು. ವೈಪರ್ ಹಾಕುವುದಕ್ಕೇ ಕಣ್ಣು ರಸ್ತೆಯಿಂದ ಕದಲಬಾರದು ಅನ್ನುವಾಗ, ಗೇರ್ ನೋಡುವುದಕ್ಕೆ ಕದಲಿದರೆ ನಡೆಯುತ್ತದೆಯೇ?

ಈಗ ನನಗೇನು ಬೇಕು ಅಂತ ಹೇಳುತ್ತೇನೆ. ನನ್ನ ಕಾರಿಗೆ ಲಿವರ್ ಹೊಸದಾಗಿ ಕೂರಿಸಿಕೊಡಿ ಅಂತ ಕೇಳುವುದಿಲ್ಲ, ಆಗದ ಮಾತು. ಸಾಫ್ಟ್‌ವೇರ್‌ನಲ್ಲಿ ಆಗುವುದನ್ನು ಮಾಡಿ. ಪ್ಯಾಡಲ್ ಎಳೆದು ಆರಿಸಿದ ಗೇರ್, ನಾನು ಬಿಡುವವರೆಗೂ ನಿಲ್ಲಬೇಕು, ಕಡೇಪಕ್ಷ ಇಳಿಜಾರಿನಲ್ಲಾದರೂ. ಕಾರು ಇಳಿಜಾರಿನಲ್ಲಿದೆ ಅಂತ ಅದಕ್ಕೆ ಗೊತ್ತು, ಏರಿನಲ್ಲಿ ಕಾರು ಹಿಂದಕ್ಕೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್ ಕೆಲಸ ಮಾಡುವುದು ಹಾಗೇ ಅಲ್ವಾ. ಕಾರು ನಿಂತು ಬ್ರೇಕ್ ಒತ್ತಿರುವಾಗ ಡ್ರೈವ್‌ನಿಂದ ಸ್ವಿಚ್ಚನ್ನು ಮುಂದಕ್ಕೆ ಒಂದು ಸಲ ತಳ್ಳಿದರೆ ನೇರ ರಿವರ್ಸ್‌ಗೇ ಹೋಗಲಿ, ನ್ಯೂಟ್ರಲ್‌ಗೆ ಬೇಕಾದರೆ ಸ್ವಲ್ಪ ಹೊತ್ತು ಹಿಡಿದಿಡುವ ಹಾಗೆ ಮಾಡಿ. ನ್ಯೂಟ್ರಲ್‌ಗೆ ಹೋದಾಗ ಬೇರೆಯದೇ ಒಂದು ಸದ್ದು ಬರಲಿ. ಮ್ಯಾನುಯಲ್ ಮೋಡನ್ನು ಮೆನುವಿನಿಂದ ತೆಗೆದು ಸ್ಟೀರಿಂಗ್ ಮೇಲೆ ಈಗಾಗಲೇ ಇರುವ, ಯಾರೂ ಮುಟ್ಟದ ಆ ಸ್ಟಾರ್ ಬಟನ್‌ಗೆ ಹಾಕಿಕೊಡಿ. ಮುಂದಿನ ಮಾದರಿಯಲ್ಲಿ ಲಿವರ್ ತನ್ನಿ, ಪ್ಲಸ್ ಮೈನಸ್ ಸಾಲಿನೊಂದಿಗೆ, ಸರಿಯಾದ ದಿಕ್ಕಿನಲ್ಲಿ. ಬಲಗಡೆ ಸ್ಟೀರಿಂಗ್ ಇರುವ ಕಾರುಗಳಿಗೆ ಅದನ್ನು ಡ್ರೈವರ್ ಕಡೆಗೆ ಕೂರಿಸಿ.

ಜಾಬ್ ಕಾರ್ಡ್‌ನ ಪ್ರತಿ ಮತ್ತು ಆಗುಂಬೆಯ ಡ್ಯಾಶ್‌ಕ್ಯಾಮ್ ವಿಡಿಯೊವನ್ನು ಇದರ ಜೊತೆ ಕಳಿಸಿದ್ದೇನೆ. ವಿಡಿಯೊವನ್ನು ವಿನ್ಯಾಸ ತಂಡದವರಿಗೆ ತೋರಿಸಿ. ಅನಿಸಿಕೆ ಅಮೂಲ್ಯ ಅನ್ನುವ ಉತ್ತರ ಮತ್ತೆ ಬೇಡ. ಮೇಲೆ ಕೇಳಿದ್ದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ 30 ದಿನದೊಳಗೆ ಬರಹದಲ್ಲಿ ತಿಳಿಸಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಜಾಬ್ ಕಾರ್ಡ್‌ನಲ್ಲಿರುವ "ನೋ ಫಾಲ್ಟ್ ಫೌಂಡ್" ಎಂಬುದನ್ನು ತೆಗೆದು, ಗ್ರಾಹಕರು ವಿನ್ಯಾಸದ ದೋಷ ತಿಳಿಸಿದ್ದಾರೆ ಎಂದು ಬರೆಸಿಕೊಡುವಂತೆ ನಿಮ್ಮ ಡೀಲರ್‌ಗೂ ಹೇಳಿ.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು