ಈ ವಾರದ ಗಾಯಕ: ಡೇವ್ ಡಡ್ಲಿ

ಆತ್ಮೀಯ ಸದಸ್ಯರೇ, ಈ ವಾರ ನಾವು ಕೇಳಲಿರುವುದು ಅಮೆರಿಕದ ಲಾರಿ ಚಾಲಕರ ಬದುಕನ್ನು ಹಾಡಿದ ಕಂಟ್ರಿ (ಅಮೆರಿಕದ ಗ್ರಾಮೀಣ ಮೂಲದ ಜನಪ್ರಿಯ ಸಂಗೀತ ಪ್ರಕಾರ) ಗಾಯಕ ಡೇವ್ ಡಡ್ಲಿಯವರನ್ನು. 1928ರಲ್ಲಿ ವಿಸ್ಕಾನ್ಸಿನ್‌ ರಾಜ್ಯದ ಸ್ಪೆನ್ಸರ್‌ನಲ್ಲಿ ಜನಿಸಿದ ಅವರು ಮೊದಲು ಬೇಸ್‌ಬಾಲ್ ಆಡುತ್ತಿದ್ದರು. ತೋಳಿಗಾದ ಗಾಯದಿಂದ ಆ ದಾರಿ ಮುಚ್ಚಿದ ಮೇಲೆ ಗಾಯನದತ್ತ ತಿರುಗಿದರು. 1960ರಲ್ಲಿ ಕಾರೊಂದು ಡಿಕ್ಕಿ ಹೊಡೆದು ಹಾಸಿಗೆ ಹಿಡಿದರೂ ಚೇತರಿಸಿಕೊಂಡು, ಆರು ದಿನ ರಸ್ತೆಯಲ್ಲೇ ಕಳೆದ ಚಾಲಕನೊಬ್ಬ ಆ ರಾತ್ರಿಯೇ ಮನೆ ಸೇರಲು ತವಕಿಸುವ ‘ಸಿಕ್ಸ್ ಡೇಸ್ ಆನ್ ದ ರೋಡ್’ ಹಾಡನ್ನು ಹಾಡಿದರು. 1963ರಲ್ಲಿ ಅದು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ 2ನೇ ಸ್ಥಾನಕ್ಕೇರಿತು. ಅವರ ತಗ್ಗಿದ, ಗಡಸು ಕಂಠವೇ ಅದರ ಜೀವಾಳವೆಂಬುದು ನನ್ನ ಅಭಿಪ್ರಾಯ. ತಮಾಷೆಯೆಂದರೆ, ಅವರಿಗೆ ಮೊದಲ ಸ್ಥಾನ ತಂದುಕೊಟ್ಟ 1970ರ ‘ದ ಪೂಲ್ ಶಾರ್ಕ್’ ಹಾಡಿಗೂ ಲಾರಿಗೂ ಸಂಬಂಧವಿಲ್ಲ. ದಯವಿಟ್ಟು ಎರಡನ್ನೂ ಕೇಳಿದ ಬಳಿಕವೇ ಅನಿಸಿಕೆ ಬರೆಯಿರಿ.