ಆಡಳಿತಾಧಿಕಾರಿಗಳ ಕೈಯಲ್ಲಿ ಸ್ಥಳೀಯ ಆಡಳಿತ

ಮಾನ್ಯರೇ,

ಪ್ರಜಾಪ್ರಭುತ್ವದಲ್ಲಿ ಜನರಿಗೆ ಆಸಕ್ತಿಯೇ ಕುಂದಿದೆ ಎಂಬ ಮಾತನ್ನು ಕರಾವಳಿಯ ಮಟ್ಟಿಗೆ ಒಪ್ಪುವುದು ಕಷ್ಟ. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಕ್ಷೇತ್ರಗಳೆರಡರಲ್ಲೂ ಶೇ. 77ಕ್ಕೂ ಹೆಚ್ಚು ಮತದಾನವಾಗಿದೆ. ಜನರ ಅಸಮಾಧಾನವೇನಿದ್ದರೂ ವ್ಯವಸ್ಥೆಯನ್ನು ನಡೆಸುವ ರೀತಿಯ ಬಗ್ಗೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಪಂಚಾಯತ್ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳಿದ್ದರೂ, 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಕೊನೆಗೊಂಡ ಬಳಿಕ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂಬ ಕಾರಣಗಳಲ್ಲೇ ಚುನಾವಣೆಯಿಲ್ಲದೆ ವರ್ಷಗಳು ಉರುಳಿದವು. ಈ ಒಂದು ವಿಷಯದಲ್ಲಿ ಮಾತ್ರ ಎಲ್ಲ ಪಕ್ಷಗಳಿಗೂ ಒಮ್ಮತವಿದ್ದಂತಿದೆ! ಮಂಗಳೂರು ಮಹಾನಗರ ಪಾಲಿಕೆಯೂ 2025ರಲ್ಲಿ ಅವಧಿ ಮುಗಿದು, ಚುನಾಯಿತ ಸದಸ್ಯರ ಬದಲು ಸರಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಸೇರಿತು. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಮೀಸಲಾತಿ ಪಟ್ಟಿ ಪ್ರಕಟಿಸುವುದನ್ನು ಕಾನೂನಿನಲ್ಲಿ ಕಡ್ಡಾಯಗೊಳಿಸಿ, ಪಂಚಾಯತ್ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೇ ಮರಳಿಸಬೇಕು.

– ಓರ್ವ ಮತದಾರ, ಉಡುಪಿ